ಭೂತಕಾಲದ ವಾಕ್ಯಗಳಲ್ಲಿ ಅಧೀಕ್ಷಕರನ್ನು ಬಳಸದಿರುವ ಬಗ್ಗೆ

ಸುತ್ತೋಲೆ ಸಂಖ್ಯೆ: ಆಡಳಿತ/ಸ್ಪ್ಯಾನಿಷ್/7/ಅತಿ ತುರ್ತು

ವಿಷಯ: ಮೇಲ್ಕಂಡಂತೆ.

ಉಲ್ಲೇಖ: 1. ರವಾನೆ ಶಾಖೆಯ ಗುಮಾಸ್ತೆಯ ನೋಟ್‌ಬುಕ್, ಪುಟ 23.
2. ಸದರಿಯವರ ಮೌಖಿಕ ಸಮಜಾಯಿಷಿ.

ಊಟದ ವಿರಾಮದಲ್ಲಿ ದಾಖಲೆ ಕೋಣೆಯಲ್ಲಿ ನಡೆಯುವ ಸ್ಪ್ಯಾನಿಷ್ ತರಗತಿಯಿಂದ ಕಚೇರಿಯ ಬುನಾದಿಯೇ ಅಲುಗಾಡಿದೆ. ಉಲ್ಲೇಖ (1)ರಲ್ಲಿ "ಅಧೀಕ್ಷಕರು ನಿದ್ರಿಸುತ್ತಿದ್ದರು; ಆಗ ಫೋನ್ ರಿಂಗಾಯಿತು" ಎಂಬ ವಾಕ್ಯವು ಪತ್ತೆಯಾಗಿದ್ದು, ನೋಟ್‌ಬುಕ್ಕನ್ನು ಜಪ್ತಿ ಮಾಡಲಾಗಿದೆ. ಸ್ಪ್ಯಾನಿಷ್‌ನಲ್ಲಿ ನಡೆಯುತ್ತಲೇ ಇದ್ದ ಕೆಲಸಕ್ಕೆ ಒಂದು ಭೂತಕಾಲ, ನಡೆದು ಮುಗಿದದ್ದಕ್ಕೆ ಇನ್ನೊಂದು; ಎರಡೂ ಸರಿಯಾಗಿವೆಯೆಂಬ ಕಾರಣಕ್ಕೆ ಶಿಕ್ಷಕಿಯು ಕೆಂಪು ಶಾಯಿಯಲ್ಲಿ 'ಭೇಷ್' ಎಂದು ಬರೆದಿರುವುದನ್ನೂ ಗಮನಿಸಲಾಗಿದೆ.

ಕಾರಣ ಕೇಳಲಾಗಿ ಗುಮಾಸ್ತೆಯು, "ನಿನ್ನೆ ಆಫೀಸಲ್ಲಿ ಏನು ನಡೀತು ಬರೀರಿ ಅಂದ್ರು ಸಾರ್. ನಾವ್ಯಾರೂ ಏನೂ ಮಾಡಿರ್ಲಿಲ್ಲ. ನೀವು ನಿದ್ದೆಯನ್ನಾದ್ರೂ ಮಾಡಿದ್ರಿ" ಎಂದು ಉತ್ತರಿಸಿರುತ್ತಾರೆ.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಸ್ಪ್ಯಾನಿಷ್ ವ್ಯಾಕರಣದ ಪ್ರಕಾರ ಮೇಜು ಹೆಣ್ಣು, ಬೀರು ಗಂಡು ಎಂದು ಅಂಟಿಸಿರುವ ಚೀಟಿಗಳನ್ನು ಕೀಳತಕ್ಕದ್ದು. ಎಂಟು ಹಳೆಯ ಮೇಜುಗಳ ನಡುವೆ ಒಂದೇ ಒಂದು ಹಳೆಯ ಬೀರು ಇದ್ದರೂ 'ಹಳೆಯ' ಎಂಬ ಪದ ಗಂಡಾಗುತ್ತದೆ ಎಂಬ ನಿಯಮವು ಕಚೇರಿಯ ಬಡ್ತಿ ಪದ್ಧತಿಗೆ ಅನುಗುಣವಾಗಿರುವುದರಿಂದ ಆಕ್ಷೇಪಣೆ ಇರುವುದಿಲ್ಲ.

2. ವಾಕ್ಯದಲ್ಲಿ ನಿದ್ರಿಸಲು ಯಾರಾದರೂ ಬೇಕೇ ಬೇಕಾದಲ್ಲಿ ಬೀರುವನ್ನು ಬಳಸತಕ್ಕದ್ದು.

3. ಫೋನ್ ರಿಂಗಾದದ್ದು ಒಂದು ಸಲವಲ್ಲ, ಹದಿನಾಲ್ಕು ಸಲ ಎಂದು ಟೈಪಿಸ್ಟ್ ಸ್ವಯಂಪ್ರೇರಿತವಾಗಿ ಸಾಕ್ಷ್ಯ ನುಡಿದಿದ್ದಾರೆ. ಇನ್ನು ಮುಂದೆ ಕೇಳದೆ ಯಾರೂ ಎಣಿಸತಕ್ಕದ್ದಲ್ಲ.

4. ನೋಟ್‌ಬುಕ್ ಹಿಂದಿರುಗಿಸುವ ಪ್ರಶ್ನೆಯೇ ಇಲ್ಲ ಎಂದು ತಿಳಿಸಿದಾಗ ಗುಮಾಸ್ತೆಯು, "ಇವತ್ತು ಸಂಜೆ ಬೀಗಿತ್ತಿ ಬರ್ತಿದ್ದಾರೆ ಸಾರ್, ಮೊದಲ್ನೇ ಸಲ. ಅವರಿಗೆ ಸ್ಪ್ಯಾನಿಷ್ ಬಿಟ್ರೆ ಬೇರೇನೂ ಬರಲ್ಲ. ನಾನೊಬ್ಳೇ ನಿಂತು ಮಗಳನ್ನ ಹೇಗೆ ಬೆಳೆಸಿದೆ ಅಂತ ಹೇಳ್ಬೇಕು. ಅದಷ್ಟೂ ಆ ಪುಸ್ತಕದಲ್ಲಿದೆ" ಎಂದಿರುತ್ತಾರೆ. ಅಧೀಕ್ಷಕರು 24ನೇ ಪುಟದಿಂದ ಕೊನೆಯವರೆಗೆ ಶಿಕ್ಷಕಿಯಿಂದ ಓದಿಸಿ, ಅರ್ಥ ಹೇಳಿಸಿ ಕೇಳಿರುತ್ತಾರೆ. ಷರಾ ಏನನ್ನೂ ಬರೆದಿರುವುದಿಲ್ಲ.

(ಸಹಿ)
ಅಧೀಕ್ಷಕರು

ಪ್ರತಿಗಳು:

1. ಸ್ಪ್ಯಾನಿಷ್ ಶಿಕ್ಷಕಿಗೆ: 'ನಿನ್ನೆ ಏನು ನಡೆಯಿತು' ಎಂಬ ಹೋಂವರ್ಕನ್ನು ಮೊನ್ನೆಯೇ ತಿಳಿಸಲು ಕೋರಿ, ಸಿಬ್ಬಂದಿ ಏನಾದರೂ ಮಾಡಿಟ್ಟುಕೊಳ್ಳಲು ಅನುಕೂಲವಾಗುವಂತೆ.

2. ಟೈಪಿಸ್ಟ್‌ಗೆ: ಎಚ್ಚರಿಕೆಗಾಗಿ.

3. ರವಾನೆ ಶಾಖೆಯ ಗುಮಾಸ್ತೆಗೆ: ನೋಟ್‌ಬುಕ್ ಲಗತ್ತಿಸಿದೆ. ಇಂದು ಮಧ್ಯಾಹ್ನದಿಂದ ಅರ್ಧ ದಿನದ ರಜೆ ಮಂಜೂರಾಗಿದೆ.