ಶೌಕತ ಅಲಿಯವರ ಆರ್ಕಿಡ್ಡಿಗೆ ನಾನು ಮಾಡಿದ ಆರೈಕೆ

2024ನೆಯ ಇಸವಿ ಜುಲೈ 21, ಭಾನುವಾರ, ಆಷಾಢದ ಹುಣ್ಣಿಮೆ. ಆಕಾಶ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಸೇಡಮ್ಮಿನ ಮೇಲೆ ಬೆಳಗಿನಿಂದ ಜಿಟಿಜಿಟಿ ಮಳೆ. ಆ ಸಂಜೆ ನೆರೆಮನೆಯ ಶೌಕತ ಅಲಿಯವರು ಒದ್ದೆ ಗೋಣಿಚೀಲದಲ್ಲಿ ಒಂದು ಗಿಡವನ್ನು ತಂದು ನನ್ನ ವಶಕ್ಕೊಪ್ಪಿಸಿದರು. ಮರದ ಮೇಲೂ ಬಂಡೆಯ ಮೇಲೂ ಮಣ್ಣಿನ ಹಂಗಿಲ್ಲದೆ ಬೆಳೆಯುವ ಕಾಡು ಆರ್ಕಿಡ್ ಅದು. ಚಿಂಚೋಳಿ ಕಾಡಿನ ಚಂದ್ರಂಪಳ್ಳಿಯ ಕಡೆ ಗಾಳಿಗೆ ಮುರಿದು ಬಿದ್ದ ಕೊಂಬೆಯ ಮೇಲೆ ಸಿಕ್ಕಿತ್ತಂತೆ.

ಅವರು ಚಿಂಚೋಳಿಯ ಕಾಡಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ನೌಕರಿಯಲ್ಲಿದ್ದಾಗ ಉದುರಿದ ಈ ಹೂವನ್ನು ಹೆಂಡತಿ ಅಮೀರ್‌ಬೀಗೆ ತಂದುಕೊಡುತ್ತಿದ್ದರು. ಆಕೆ ಆ ವರ್ಷದ ರಂಜಾನಿನಲ್ಲಿ ತೀರಿಕೊಂಡರು. ಇವರ ಬಲಗಣ್ಣಿಗೆ ಪೊರೆ. ಮಗಳು ಹುಮೇರಾ ಹೈದರಾಬಾದಿನಲ್ಲಿ ಆಪರೇಶನ್ನಿಗೆ ದಿನ ಗೊತ್ತುಮಾಡಿದ್ದಳು. ಹಿಂತಿರುಗಿ, ಹೂವನ್ನು ಕಣ್ತುಂಬ ನೋಡಿ, ಅಮೀರ್‌ಬೀಯ ಗೋರಿಯ ಮೇಲಿಡಬೇಕೆಂಬುದಷ್ಟೇ ಅವರ ಆಸೆ.

ನಮ್ಮ ಅಂಗಳದ ಬೇವಿನ ಕಾಂಡಕ್ಕೆ ತಾವೇ ಅದನ್ನು ಹುರಿಯಿಂದ ಕಟ್ಟಿದರು.

"ಏನೂ ಮಾಡಬ್ಯಾಡ್ರಿ ಗುರುಗಳ. ಬರೇ ನೋಡ್ರಿ."

ಏನೂ ಮಾಡಬಾರದಂತೆ! ಮುಖ್ಯೋಪಾಧ್ಯಾಯನಾಗಿ ತಾಲ್ಲೂಕಿನ ತುಂಟರನ್ನೆಲ್ಲ ಸಾಲಾಗಿ ನಿಲ್ಲಿಸಿದ ನನಗೆ ಒಂದು ಗಿಡ ಯಾವ ಲೆಕ್ಕ! ಶಿಸ್ತಿನ ಮುಂದೆ ಸಸ್ಯಸಂಕುಲವೂ ತಲೆಬಾಗುವುದೆಂದು ಹೆಂಡತಿ ಸರಸ್ವತಿಬಾಯಿಯೆದುರು ಘೋಷಿಸಿದೆ. ಆಕೆ ಹೂಬತ್ತಿ ಹೊಸೆಯುತ್ತಲೇ, ನಿಮ್ಮ ಶಿಸ್ತಿಗೆ ಹೆದರಿ ಹೂವು ಒಳಗೇ ಕುಳಿತೀತು ಎಂದಳು.

ಮಳೆಯಿದ್ದಷ್ಟು ದಿನ ಗಿಡದ ಬೇರುಗಳು ಹಸಿರಾಗಿದ್ದವು. ಮೊಗ್ಗಿನ ಗೊಂಚಲೂ ಮೂಡಿತು. ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಿತು. 11ನೆಯ ತಾರೀಖು, ಭಾನುವಾರ, ನೋಡುತ್ತೇನೆ: ಬೇರುಗಳೆಲ್ಲ ಬೆಳ್ಳಗೆ! ಬೂಷ್ಟು! ನಂಬಿ ಕೊಟ್ಟ ಗಿಡದ ಮೇಲೆ ಶಿಲೀಂಧ್ರದ ದಂಡಯಾತ್ರೆ!

ಪ್ರತಿ ವರ್ಷ ಆಗಸ್ಟ್ 15ರ ಮೊದಲು, ಶಾಲೆಯ ಮರಗಳಿಗೆ ಬಳಿಸುತ್ತಿದ್ದಂತೆಯೇ, ಮನೆಯ ಬೇವಿಗೂ ನಾನು ಸುಣ್ಣ ಬಳಿಯುವುದುಂಟು. ಸುಣ್ಣವಾದರೋ ಕ್ರಿಮಿನಾಶಕ. ಒಂದೇ ಬಕೀಟಿನಲ್ಲಿ ಎರಡು ಕರ್ತವ್ಯ! ಕಾಂಡವೆನ್ನದೆ ಬೇರೆನ್ನದೆ ಪಕ್ಷಪಾತವಿಲ್ಲದೆ ಬಳಿದೆ.

ತುಳಸಿಗೆ ನೀರು ಹಾಕಲು ಬಂದ ಸರಸ್ವತಿಬಾಯಿ ನಿಂತಲ್ಲೇ ನಿಂತಳು.

"ಅವು ತೊಯ್ದ್ರ ಹಸರ, ಒಣಗಿದ್ರ ಬೆಳ್ಳಗರೀ. ದಿನಾ ನೋಡ್ಲಿಕತ್ತೀನಿ."

"ನನಗ್ಯಾಕ ಹೇಳಲಿಲ್ಲ?"

"ಬರೇ ನೋಡ್ರಿ ಅಂದಿದ್ರು. ಅದೊಂದು ಬಿಟ್ಟು ಎಲ್ಲಾ ಮಾಡೀರಿ."

ಗಾಬರಿಯಲ್ಲಿ ನೀರೆರಚಿ, ತೆಂಗಿನ ನಾರಿನಿಂದ ತಿಕ್ಕಿದೆ. ಸುಣ್ಣ ಹೋಗಲಿಲ್ಲ, ಮೊಗ್ಗಿನ ಗೊಂಚಲು ಮುರಿದು ಕೈಗೆ ಬಂತು. ಆಕೆ ಅದನ್ನು ತಂಬಿಗೆಯ ನೀರಿನಲ್ಲಿಟ್ಟಳು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

14ನೆಯ ತಾರೀಖು, ಬುಧವಾರ. ಮತ್ತೆ ಮೋಡ. ಶೌಕತ ಅಲಿಯವರು ಕಪ್ಪು ಕನ್ನಡಕ ಹಾಕಿಕೊಂಡು ಹೈದರಾಬಾದಿನಿಂದ ನೇರ ನಮ್ಮ ಅಂಗಳಕ್ಕೇ ಬಂದರು. ಅಪರಾಧವನ್ನೆಲ್ಲ ಗಾಳಿಯ ತಲೆಗೆ ಕಟ್ಟುವ ಭಾಷಣವೊಂದನ್ನು ನಾನು ಸಿದ್ಧಪಡಿಸಿಕೊಂಡಿದ್ದೆ. ಅವರು ಕನ್ನಡಕ ತೆಗೆದು ಬೇವಿನತ್ತ ನೋಡಿದರು. ಮುಖ ಕಳೆಗುಂದಿತು. ಕಣ್ಣುಜ್ಜಲು ಎತ್ತಿದ ಕೈಯನ್ನು, ಉಜ್ಜಬಾರದೆಂದು ನೆನಪಾಗಿ, ಹಾಗೆಯೇ ಇಳಿಸಿದರು.

"ಗುರುಗಳ, ಆಪರೇಶನ್ ಕೆಟ್ಟದ ಕಾಣ್ತದ. ನನಗ ಎಲ್ಲಾ ಬೆಳ್ಳಗೇ ಕಾಣಾಕತ್ತದ."

ಭಾಷಣವನ್ನು ಅಲ್ಲಿಗೇ ಕೈಬಿಟ್ಟೆ. ನಾನು ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆ ಮನುಷ್ಯ ಕಣ್ಣು ಹೋಯಿತೆಂದೇ ತಿಳಿದು ಮನೆಗೆ ಹೋಗುತ್ತಿದ್ದರು.

"ನಿಮ್ಮ ಕಣ್ಣು ಛಲೋ ಅದ ಶೌಕತಭಾಯಿ. ಕಾಣದಾಂವ ನಾನು. ಅದು ಸುಣ್ಣ."

ಅವರು ಬೇವಿನ ಹತ್ತಿರ ಹೋಗಿ ಕಾಂಡವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಭಾಳ ಛಂದ ಬಳದೀರಿ," ಎಂದರು.

ಸರಸ್ವತಿಬಾಯಿ ಒಳಗಿನಿಂದ ತಂಬಿಗೆಯನ್ನು ತಂದು ಅವರ ಮುಂದೆ ಹಿಡಿದಳು. ಗೊಂಚಲಿನ ಒಂದು ಮೊಗ್ಗು ಅರಳಿತ್ತು.

ಆ ಹೂವು ಅದೇ ಸಂಜೆ ಅಮೀರ್‌ಬೀಯ ಗೋರಿ ಸೇರಿತು. ಉಳಿದ ಮೊಗ್ಗುಗಳು ಅರಳದೆ ಉದುರಿದವು. ಗಿಡ ಸೆಪ್ಟೆಂಬರ್ 19ರ ಗುರುವಾರದ ಹೊತ್ತಿಗೆ ಪೂರ್ತಿ ಒಣಗಿತು. 2025ರ ಜೂನ್ 8, ಭಾನುವಾರ, ಶೌಕತ ಅಲಿಯವರು ಮುರಿದು ಬಿದ್ದ ಕೊಂಬೆಯೊಂದರಲ್ಲಿ ಸಿಕ್ಕ ಇನ್ನೊಂದು ಆರ್ಕಿಡ್ಡನ್ನು ತಂದು ಅದೇ ಬೇವಿಗೆ ಕಟ್ಟಿ, ಸರಸ್ವತಿಬಾಯಿಯ ವಶಕ್ಕೆ ಕೊಟ್ಟರು. ಹೋಗುವಾಗ ಸುಣ್ಣದ ಬಕೀಟನ್ನೂ ಕುಂಚವನ್ನೂ ತಮ್ಮ ಮನೆಗೆ ಒಯ್ದರು.