ನಾಯಿ ತರಬೇತಿಗೆ ನನ್ನ ಪರವಾಗಿ ಹಾಜರಾದವರು

ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ, ಅಧೀಕ್ಷಕನಾಗಿ ನಿವೃತ್ತನಾದವನು ನಾನು. ಹನ್ನೊಂದು ಜನ ಗುಮಾಸ್ತರು ನನ್ನ ಕೈಕೆಳಗಿದ್ದರು. ಅವರಲ್ಲಿ ಇಬ್ಬರು ನಾನು ಹೇಳಿದ್ದನ್ನು ಕೇಳುತ್ತಲೂ ಇದ್ದರು. ಅಂಥವನಿಗೆ ಒಂದು ನಾಯಿಯನ್ನು ಕೂರು ಎಂದರೆ ಕೂರುವ ಹಾಗೆ ಮಾಡುವುದು ಯಾವ ಮಹಾ ಕೆಲಸ? ಹೀಗೆಂದು ನಾನು ಮನಸಾರೆ ನಂಬಿದ್ದೆ.

ನಾಯಿಯ ಹೆಸರು ಕೆಂಚ. ಆಯನೂರಿನ ನನ್ನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಹುಟ್ಟಿದವನು. ತಾಯಿ ಲ್ಯಾಬ್ರಡಾರ್. ತಂದೆ ಯಾರೆಂದು ಆಯನೂರಿನಲ್ಲಿ ಯಾರೂ ಖಚಿತವಾಗಿ ಹೇಳುವುದಿಲ್ಲ. ಸವಳಂಗ ರಸ್ತೆಯಿಂದ ಎರಡು ತಿರುವು ಒಳಗಿರುವ ನಮ್ಮ ಮನೆಗೆ ಅವನನ್ನು ಮಡಿಲಲ್ಲಿ ಇಟ್ಟುಕೊಂಡು ತಂದವಳು ನನ್ನ ಹೆಂಡತಿ ಗಿರಿಜೆ. ಅವಳ ತಾಯಿ ತೀರಿಕೊಂಡ ಮೇಲೆ ಗಿರಿಜೆ ಮಾತು ಬಹಳ ಕಡಿಮೆ ಮಾಡಿದ್ದಳು. ಕೆಂಚ ಬಂದ ಮೇಲೆ ಮತ್ತೆ ಮಾತಾಡತೊಡಗಿದಳು. ನನ್ನ ಜೊತೆಯಲ್ಲ, ನಾಯಿಯ ಜೊತೆ. ಬೆಳಗ್ಗೆ ರೊಟ್ಟಿ ತಟ್ಟುತ್ತಾ ಅವನಿಗೆ ನೆಂಟರಿಷ್ಟರ ಸುದ್ದಿಯೆಲ್ಲ ಹೇಳುತ್ತಿದ್ದಳು. ನಾನು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತು, ಮಗಳು ಫೋನ್ ಮಾಡಿದ್ದಳು, ಗ್ಯಾಸ್ ಮುಗಿಯಿತು ಎಂಬ ವಿಷಯಗಳನ್ನು ಹಾಗೆಯೇ ತಿಳಿದುಕೊಳ್ಳುತ್ತಿದ್ದೆ.

ಕೆಂಚನಿಗಿದ್ದ ದೋಷ ಒಂದೇ. ಪ್ರೀತಿ ಬಂದರೆ ಮೈಮೇಲೆ ಹಾರುತ್ತಿದ್ದ. ಅವನಿಗೆ ಪ್ರೀತಿ ಎಲ್ಲರ ಮೇಲೂ ಬರುತ್ತಿತ್ತು. ಒಂದು ದಿನ ಬೆಳಗ್ಗೆ ಪಕ್ಕದ ಮನೆಯ ಗೌರಮ್ಮನವರು ಬಾಗಿಲ ಮುಂದೆ ರಂಗೋಲಿ ಬಿಡುತ್ತಿದ್ದಾಗ ಹಿಂದಿನಿಂದ ಹೋಗಿ ಪ್ರೀತಿ ತೋರಿಸಿದ. ಎಪ್ಪತ್ತು ದಾಟಿದ ಜೀವ. ಬಲಗೈ ಮಣಿಕಟ್ಟು ಮುರಿಯಿತು.

ಅವರ ಮಗ ಲೋಕೇಶಪ್ಪ ಶಂಕರಘಟ್ಟಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುವ ಸಾಧು ಮನುಷ್ಯ. ನಮ್ಮ ಗೇಟಿನ ಹತ್ತಿರ ಬಂದು, "ಸಾರ್, ಅಮ್ಮಂಗೆ ಈ ವಯಸ್ಸಲ್ಲಿ ಇನ್ನೊಂದ್ಸಲ ಹಿಂಗಾದ್ರೆ ಕಷ್ಟ. ನಾಯೀನ ಸ್ವಲ್ಪ ಹದ್ದುಬಸ್ತಲ್ಲಿ ಇಟ್ಕೊಳ್ಳಿ" ಎಂದ. ಇಷ್ಟೇ. ನನ್ನ ಜಾಗದಲ್ಲಿ ಬುದ್ಧಿ ಇದ್ದವನಿದ್ದರೆ ತಪ್ಪಾಯಿತು ಎಂದು ಕೈಮುಗಿದು ಸುಮ್ಮನಾಗುತ್ತಿದ್ದ. ನಾನು ಒಳಗೆ ಹೋಗಿ ಬಿಳಿ ಹಾಳೆ ತೆಗೆದುಕೊಂಡೆ. ಯಾರೂ ಕೇಳದ ಒಂದು ಮುಚ್ಚಳಿಕೆ ಬರೆದೆ.

"ಸದರಿ ನಾಯಿಗೆ ಈ ದಿನದಿಂದ ಮೂರು ತಿಂಗಳೊಳಗಾಗಿ ನಾನು ಖುದ್ದು ಹಾಜರಿದ್ದು ವಿಧೇಯತಾ ತರಬೇತಿ ಕೊಡಿಸತಕ್ಕದ್ದು. ಅವಧಿಯ ಅಂತ್ಯಕ್ಕೆ ತಮ್ಮ ಸಮಕ್ಷಮದಲ್ಲಿ ನಾಯಿಯು ನನ್ನ ಆದೇಶವನ್ನು ಪಾಲಿಸತಕ್ಕದ್ದು. ತಪ್ಪಿದಲ್ಲಿ ಸದರಿ ನಾಯಿಯನ್ನು ಮನೆಯಿಂದ ಶಾಶ್ವತವಾಗಿ ಹೊರಗೆ ಕಳುಹಿಸಲು ಬದ್ಧನಾಗಿರುತ್ತೇನೆ."

ಬರೆದು ಮುಗಿಸಿದಾಗ ಎಷ್ಟು ಖುಷಿಯಾಯಿತೆಂದರೆ, ನಿವೃತ್ತನಾದ ಮೇಲೆ ಅಂಥ ಖುಷಿ ಆಗಿರಲೇ ಇಲ್ಲ. ಎರಡು ಪ್ರತಿ ಮಾಡಿ ಒಂದಕ್ಕೆ ಲೋಕೇಶಪ್ಪನ ಸಹಿ ಪಡೆದೆ. "ಇದೆಲ್ಲಾ ಯಾಕೆ ಸಾರ್?" ಎಂದು ಅವನು ಮುಜುಗರಪಟ್ಟುಕೊಂಡ. "ಇರ್ಲಿ, ದಾಖಲೆ ಅಂತ ಒಂದು ಇರ್ಬೇಕು" ಎಂದೆ.

ಗಿರಿಜೆ ಅದನ್ನು ಎರಡು ಸಲ ಓದಿದಳು.

"ಅವ್ರು ಕೇಳಿದ್ರಾ ಇದನ್ನ?"

"ಕೇಳ್ಲಿಲ್ಲ. ನಾನೇ ಮುಂದಾಗಿ ಕೊಟ್ಟೆ. ಗೌರವ ಇರುತ್ತೆ."

"ಖುದ್ದು ಹಾಜರಿದ್ದು ಅಂತ ಬರ್ದಿದೀರಿ. ನೀವೇ ಹೋಗ್ತೀರಲ್ವಾ? ನನ್ನ ಮಂಡಿನೋವಲ್ಲಿ ನಾಯಿ ಹಿಂದೆ ಓಡೋಕಾಗಲ್ಲ ರೀ. ಕೆಂಚ ಹೋದ್ರೆ ಈ ಮನೇಲಿ ನನಗೆ ಯಾರಿದಾರೆ?"

"ನಾನಿಲ್ವಾ ಮಾರಾಯ್ತಿ?"

ಅವಳು ಕಾಗದ ಮಡಿಸಿ ನನ್ನ ಕೈಗೆ ಕೊಟ್ಟಳು. ನಾನು, "ನಾನೇ ಹೋಗ್ತೀನಿ, ಹತ್ತು ಭಾನುವಾರಾನೂ ನಾನೇ ಹೋಗ್ತೀನಿ" ಎಂದೆ. ಆಗ ನಿಜವಾಗಿಯೂ ಹೋಗಬೇಕೆಂದೇ ಇತ್ತು.

ಹತ್ತು ವಾರದ ತರಬೇತಿ, ಭದ್ರಾವತಿಯಲ್ಲಿ. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸಿ ನಿವೃತ್ತರಾದ ಹವಾಲ್ದಾರ್ ಹನುಮಂತಪ್ಪ ಎಂಬುವರು ಹಳೆಯ ಕ್ವಾರ್ಟರ್ಸ್ ಪಕ್ಕದ ಮೈದಾನದಲ್ಲಿ ಭಾನುವಾರ ಬೆಳಗ್ಗೆ ಪಾಠ ಮಾಡುತ್ತಿದ್ದರು. ನಮ್ಮನ್ನು ಕರೆದೊಯ್ಯಲು ಭದ್ರಾವತಿಯ ಸೆಲ್ವರಾಜ್ ತನ್ನ ಬಾಡಿಗೆ ಓಮ್ನಿ ವ್ಯಾನ್ ತರುತ್ತಿದ್ದ. ಐವತ್ತು ದಾಟಿದ, ಮಾತಿಗಿಂತ ನಗು ಹೆಚ್ಚಿದ್ದ ಮನುಷ್ಯ.

ಮೊದಲ ಭಾನುವಾರ ಗಾಡಿಯೊಳಗಿಂದಲೇ ಮೈದಾನ ನೋಡಿದೆ. ಕೋಟು ಟೈ ಹಾಕಿಕೊಂಡು ಓಡಾಡುವಂಥ ಜನ ಅಲ್ಲಿ ನಾಯಿಯ ಮುಂದೆ ಬಗ್ಗಿ, ತೊಟ್ಟಿಲ ಮಗುವನ್ನು ಆಡಿಸುವ ದನಿಯಲ್ಲಿ "ಗುಡ್ ಬಾಯ್, ಗುಡ್ ಬಾಯ್" ಎಂದು ಕೂಗುತ್ತಿದ್ದರು. ಹನುಮಂತಪ್ಪನವರು ಮೊದಲ ಪಾಠ ಶುರು ಮಾಡಿದ್ದರು. "ಸಿಟ್ ಅಂತ ಒಂದೇ ಸಲ ಹೇಳ್ಬೇಕು. ಹತ್ತು ಸಲ ಹೇಳಿದ್ರೆ ಮೊದಲ ಒಂಬತ್ತು ಸಲಕ್ಕೆ ಬೆಲೆ ಇಲ್ಲ ಅಂತ ನಾಯಿ ಕಲಿಯುತ್ತೆ. ಕೂತ ಕ್ಷಣಾನೇ ಹೊಗಳ್ಬೇಕು. ದನೀಲಿ ಪ್ರೀತಿ ಇರ್ಬೇಕು. ಕಂಜೂಸಿ ಮಾಡ್ಬೇಡಿ."

ನಾನು ಜೀವಮಾನದಲ್ಲಿ ಯಾರನ್ನೂ ಹಾಗೆ ಹೊಗಳಿದವನಲ್ಲ. ಭದ್ರಾವತಿಯಲ್ಲಿ ನನ್ನ ಪರಿಚಯದವರು ಎಷ್ಟು ಜನ! ನಿವೃತ್ತ ಅಧೀಕ್ಷಕ ವೀರಭದ್ರಪ್ಪ ಮೈದಾನದಲ್ಲಿ ನಾಯಿಗೆ ಮುದ್ದು ಮಾಡುತ್ತಿದ್ದಾನೆಂದು ಸುದ್ದಿಯಾದರೆ ಮುಖ ಎಲ್ಲಿಡುವುದು? ಸೆಲ್ವರಾಜನ ಕೈಗೆ ಹಗ್ಗ ಕೊಟ್ಟೆ.

"ಸೆಲ್ವರಾಜ್, ಇವತ್ತೊಂದಿನ ನೀನು ನಿಂತ್ಕೋ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರ್ಸು."

"ನಾನಾ ಸಾರ್? ನಂಗೆ ನಾಯಿ ಅಂದ್ರೆ ಒಂಚೂರು ಭಯ."

"ಕಲಿಯೋಕೆ ತಾನೇ ಬಂದಿರೋದು."

ಇದರಲ್ಲಿ ತಪ್ಪೇನಿದೆ ಎಂದು ನನಗೆ ಆಗ ಅನ್ನಿಸಲೇ ಇಲ್ಲ. ಕಚೇರಿಯಲ್ಲಿ ಕಾಲ ಕಳೆದವರಿಗೆ ಗೊತ್ತು, ಕೆಲಸ ಮಾಡುವುದು ಬೇರೆ, ಕೆಲಸ ಆಗಿದೆಯೆಂದು ನೋಡಿಕೊಳ್ಳುವುದು ಬೇರೆ. ಸಾಹೇಬರ ಪರವಾಗಿ ನಾನು ಸಹಿ ಹಾಕಿದ್ದೇನೆ. ನನ್ನ ಪರವಾಗಿ ಗುಮಾಸ್ತರು ಹಾಕಿದ್ದಾರೆ. ಲೋಕ ನಿಂತಿಲ್ಲ, ನಡೆದಿದೆ.

ಎರಡನೇ ವಾರದಿಂದ ನಾನು ಮೈದಾನದ ತನಕವೂ ಹೋಗಲಿಲ್ಲ. ಅಲ್ಲೇ ಹತ್ತಿರದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬನ ಮನೆ. ಭಾನುವಾರ ಅಲ್ಲಿ ನಾಲ್ಕು ಜನ ಸೇರಿ ಇಸ್ಪೀಟು. ನಾಯಿ ಅಲ್ಲಿ ಕಲಿಯುತ್ತಿತ್ತು, ನಾನು ಇಲ್ಲಿ ಎಲೆ ಕಲಸುತ್ತಿದ್ದೆ. ಮನೆಗೆ ಬಂದ ಕೂಡಲೇ ಗಿರಿಜೆ ನೀರು ತಂದುಕೊಡುತ್ತಿದ್ದಳು.

"ಬಿಸ್ಲಲ್ಲಿ ನಿಂತು ಸಾಕಾಗಿರ್ಬೇಕು ಪಾಪ. ಇವತ್ತೇನು ಹೇಳ್ಕೊಟ್ರು?"

ದಾರಿಯಲ್ಲಿ ಸೆಲ್ವರಾಜನಿಂದ ಕೇಳಿ ತಿಳಿದುಕೊಂಡದ್ದನ್ನು ಒಪ್ಪಿಸುತ್ತಿದ್ದೆ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಮನೆಯಲ್ಲಿ ಅಭ್ಯಾಸ ಮಾಡಿಸಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಆ ವಿಷಯ ಹೊರಬಿದ್ದರೆ ನಾನು ಮಾಡಿಸಬೇಕಾಗುತ್ತಿತ್ತು.

"ಮತ್ತೆ ನೀವು ಹೇಳಿದ್ರೆ ಇವ್ನು ಕೇಳಲ್ವಲ್ಲ?" ಎಂದು ಅವಳು ಒಂದು ದಿನ ಕೇಳಿದಳು.

"ಕೋರ್ಸ್ ಮುಗೀಲಿ. ಆಮೇಲೆ ಎಲ್ಲಾ ಒಟ್ಟಿಗೆ ಕೇಳ್ತಾನೆ."

ನಂಬಿದಳು. ಇವತ್ತಿಗೂ ನನ್ನನ್ನು ಚುಚ್ಚುವುದು ಅದೇ, ಅವಳು ನಂಬಿದ್ದು. ಅನುಮಾನ ಪಟ್ಟಿದ್ದರೆ ನನಗೆ ಇಷ್ಟು ಕೆಟ್ಟದೆನಿಸುತ್ತಿರಲಿಲ್ಲ.

ಐದನೇ ಭಾನುವಾರ ಇಸ್ಪೀಟು ಬೇಗ ಮುಗಿಯಿತು. ಮೈದಾನಕ್ಕೆ ಬಂದು ಓಮ್ನಿಯ ಮುಂದಿನ ಸೀಟಿನಲ್ಲಿ, ಸ್ಟಿಯರಿಂಗ್ ಹಿಂದೆ ಕೂತೆ. ಅಲ್ಲಿ ಗಾಳಿ ಚೆನ್ನಾಗಿತ್ತು. ಹನುಮಂತಪ್ಪನವರು ಬೆವರು ಒರೆಸಿಕೊಳ್ಳುತ್ತಾ ಬಂದು ಕಿಟಕಿಗೆ ಕೈಯಿಟ್ಟು ನಿಂತರು.

"ಡ್ರೈವರ್ರೇ, ನಿಮ್ಮ ಸಾಹೇಬ್ರು ವೀರಭದ್ರಪ್ಪನೋರು ಪುಣ್ಯಾತ್ಮರು ಕಣ್ರೀ. ಅಷ್ಟು ದೊಡ್ಡ ಹುದ್ದೇಲಿದ್ದು ರಿಟೈರ್ ಆದೋರು, ಒಂಚೂರು ಜಂಭ ಇಲ್ಲ. ನೆಲದ್ಮೇಲೆ ಕೂತು ನಾಯಿ ಜೊತೆ ಆಡ್ತಾರೆ."

ದೂರದಲ್ಲಿ ಸೆಲ್ವರಾಜ್ ಅಂಗೈ ತೋರಿಸಿ "ಸ್ಟೇ" ಎಂದು ಇಪ್ಪತ್ತು ಹೆಜ್ಜೆ ಹಿಂದೆ ನಡೆದ. ಕೆಂಚ ಅಲ್ಲಾಡಲಿಲ್ಲ. ಅವನ ಕಣ್ಣು ಸೆಲ್ವರಾಜನ ಮುಖದ ಮೇಲೇ ಇತ್ತು.

"ಅಂಥೋರ ಹತ್ರ ಕೆಲಸ ಮಾಡೋಕೆ ಅದೃಷ್ಟ ಬೇಕು" ಎಂದರು ಹನುಮಂತಪ್ಪ.

"ಹೌದು ಸಾರ್" ಎಂದೆ.

"ಸರಿ, ಗಾಡಿ ಸ್ವಲ್ಪ ಹಿಂದಕ್ಕೆ ತೆಗೀರಿ. ನೆರಳಲ್ಲಿ ನಾಯಿ ಕಟ್ಬೇಕು."

ನನಗೆ ಗಾಡಿ ಓಡಿಸಲು ಬರುವುದಿಲ್ಲ. ನಿಜ ಹೇಳಿಬಿಡುವುದಕ್ಕೆ ಅದು ಒಳ್ಳೆಯ ಸಮಯವಾಗಿತ್ತು. ನಾನು ಇಳಿದು ಗಾಡಿ ತಳ್ಳಿದೆ. ಹನುಮಂತಪ್ಪನವರು ಸೊಂಟದ ಮೇಲೆ ಕೈಯಿಟ್ಟು, "ಎಂಥಾ ಡ್ರೈವರ್ರೀ ನೀವು, ಪೆಟ್ರೋಲ್ ಉಳಿಸ್ತೀರಾ?" ಎಂದರು. ಅಧೀಕ್ಷಕನ ಗೌರವ ಉಳಿಸಿಕೊಳ್ಳಲು ಎರಡು ದಿನ ಬೆನ್ನಿಗೆ ಮುಲಾಮು ಹಚ್ಚಿಕೊಂಡೆ.

ಹತ್ತನೇ ವಾರ ಪ್ರಮಾಣಪತ್ರ ಬಂತು. ಶ್ರೀ ವೀರಭದ್ರಪ್ಪ ಮತ್ತು ಕೆಂಚ, ಉತ್ತಮ ದರ್ಜೆ. ಮಾರನೆಯ ದಿನವೇ ಅದರ ನಕಲನ್ನು ಲೋಕೇಶಪ್ಪನಿಗೆ ಕೊಟ್ಟೆ. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಅವನು, "ಸಂತೋಷ ಸಾರ್, ಇಷ್ಟು ಸಾಕು" ಎಂದೇ ಹೇಳಿದ. "ಸಾಲದು, ಮುಚ್ಚಳಿಕೆ ಪ್ರಕಾರ ನಿಮ್ಮ ಸಮಕ್ಷಮ ತೋರಿಸ್ಬೇಕು" ಎಂದವನು ನಾನು. ನನ್ನ ಬರಹಕ್ಕೆ ನನಗೇ ಅಷ್ಟು ಮರ್ಯಾದೆ.

ಹಾಗಂತ ಪೂರ್ವಸಿದ್ಧತೆ ಇಲ್ಲದೆ ನಿಂತೆನೆಂದು ತಿಳಿಯಬೇಡಿ. ಸೆಲ್ವರಾಜನನ್ನು ಗುಟ್ಟಾಗಿ ಕರೆಸಿ ಎದುರಿನ ಕಾಂಪೌಂಡ್ ಹಿಂದೆ ನಿಲ್ಲಿಸಿದ್ದೆ. ನಾನು ಬಾಯಲ್ಲಿ ಹೇಳುವುದು, ಅವನು ಅಲ್ಲಿಂದ ಕೈ ಸನ್ನೆ ಮಾಡುವುದು. ಪರೀಕ್ಷೆಗೂ ನಾನು ಇನ್ನೊಬ್ಬನನ್ನೇ ಕೂರಿಸಿದ್ದೆ.

ಭಾನುವಾರ ಬೆಳಗ್ಗೆ ಗೌರಮ್ಮನವರು ಅವರ ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಬ್ಯಾಂಡೇಜು ಬಿಚ್ಚಿ ನಾಲ್ಕು ದಿನವಾಗಿತ್ತು. ಪಕ್ಕದಲ್ಲಿ ಲೋಕೇಶಪ್ಪ. ನಮ್ಮ ಗೇಟಿನಲ್ಲಿ ಗಿರಿಜೆ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ತಾಯಿಯಂತೆ ನಿಂತಿದ್ದಳು.

"ಸಿಟ್" ಎಂದೆ.

ಕೆಂಚ ನನ್ನನ್ನು ನೋಡಿದ. ಯಾರೋ ಅಪರಿಚಿತರು ದಾರಿ ಕೇಳಿದರೆ ನೋಡುವ ಹಾಗೆ ನೋಡಿದ. ಮತ್ತೆ ಹೇಳಿದೆ. ಏಳು ಸಲ ಹೇಳಿದೆ. ಎಂಟನೇ ಸಲಕ್ಕೆ ಕಾಂಪೌಂಡ್ ಹಿಂದಿನಿಂದ ಸೆಲ್ವರಾಜನ ಕೈ ಮೇಲೆದ್ದಿತು. ಕೈಯ ಹಿಂದೆ ಅವನ ತಲೆಯೂ ಕಂಡಿತು. ಕೆಂಚ ಅವನನ್ನು ಕಂಡ. ಆಮೇಲೆ ಅವನಿಗೆ ನಾನೂ ಇಲ್ಲ, ಹಗ್ಗವೂ ಇಲ್ಲ. ಒಂದೇ ನೆಗೆತಕ್ಕೆ ಹೊರಟ. ಹಗ್ಗವನ್ನು ಮುಂಗೈಗೆ ಮೂರು ಸುತ್ತು ಸುತ್ತಿಕೊಂಡಿದ್ದ ನಾನೂ ಹೊರಟೆ. ದಾರಿಯಲ್ಲಿ ಆಸರೆಗೆಂದು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಅದು ಗೌರಮ್ಮನವರ ಕುರ್ಚಿಯ ಕಾಲಾಗಿತ್ತು.

ಈ ಸಲ ಅವರನ್ನು ಬೀಳಿಸಿದ್ದು ನಾಯಿಯಲ್ಲ.

ಸೆಲ್ವರಾಜ್ ಓಡಿಬಂದ. "ಸಿಟ್" ಎಂದ, ಒಂದೇ ಸಲ, ಮೆಲ್ಲಗೆ. ಕೆಂಚ ಕೂತ. ಸೆಲ್ವರಾಜ್ ಗೌರಮ್ಮನವರನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಿದ. ದೇವರ ದಯೆ, ಪೆಟ್ಟಾಗಿರಲಿಲ್ಲ. ಅವರು ಸೀರೆ ಕೊಡವಿಕೊಂಡು, "ಲೋಕೇಶ, ನಾಯಿಯಿಂದ ಏನೂ ತೊಂದ್ರೆ ಇಲ್ಲ ಕಣೋ. ಈ ಮನುಷ್ಯನ್ನ ಯಾರಾದ್ರೂ ಕಟ್ಟಾಕಿ" ಎಂದರು.

"ನೀವ್ಯಾರು?" ಎಂದು ಲೋಕೇಶಪ್ಪ ಸೆಲ್ವರಾಜನನ್ನು ಕೇಳಿದ.

"ನಾನ್ ಡ್ರೈವರ್ ಸಾರ್. ಕ್ಲಾಸಿಗೆ ಸಾರ್ ಪರವಾಗಿ ನಾನೇ ಹೋಗ್ತಿದ್ದೆ. ಹತ್ತು ವಾರ." ಪಾಪ, ಅವನು ಅದನ್ನು ಹೆಮ್ಮೆಯಿಂದಲೇ ಹೇಳಿದ.

ನಾನು ನೆಲದ ಮೇಲೇ ಇದ್ದೆ. ಗಿರಿಜೆ ಕುಂಟುತ್ತಾ ಹತ್ತಿರ ಬಂದಳು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮಗಳ ಸ್ಕೂಲ್ ಮೀಟಿಂಗಿಗೆ ಆಫೀಸಿನ ಜವಾನನ್ನ ಕಳ್ಸಿದ್ರಿ. ಸುಮ್ನಿದ್ದೆ. ಅಮ್ಮ ಆಸ್ಪತ್ರೇಲಿದ್ದಾಗ ಒಂದಿನ ಕೂತ್ಕೊಳ್ಳಿ ಅಂದ್ರೆ ನಿಮ್ಮ ತಮ್ಮನ್ನ ಕಳ್ಸಿದ್ರಿ. ಅಮ್ಮ ಹೋದ್ಮೇಲೆ ಶಿವಗಣಾರಾಧನೆಗೂ ಅವನನ್ನೇ ಕಳ್ಸಿದ್ರಿ. ಈ ಮೂಕಪ್ರಾಣಿಗಾದ್ರೂ ನೀವೇ ಹೋಗ್ತಿದೀರಿ ಅಂದ್ಕೊಂಡು, ಬಂದ ತಕ್ಷಣ ನೀರು ಕೊಡ್ತಿದ್ದೆ."

ಅವಳು ಹೇಳಿದ ಪಟ್ಟಿಯಲ್ಲಿ ಒಂದಕ್ಷರ ತಿದ್ದುವಂತಿರಲಿಲ್ಲ. ಲೋಕೇಶಪ್ಪ ಒಳ್ಳೆಯವನು, ಗಿರಿಜೆಗೆ "ಅಮ್ಮಾ, ಆ ಕಾಗದ ಹರಿದುಹಾಕ್ತೀನಿ, ನಾಯಿ ಇರ್ಲಿ ಬಿಡಿ" ಎಂದ. ಅವಳು ಬೇಡವೆಂದು ತಲೆಯಾಡಿಸಿ, ನನ್ನ ಮುಂಗೈಯಿಂದ ಹಗ್ಗ ಬಿಡಿಸಿ ಸೆಲ್ವರಾಜನ ಕೈಗಿಟ್ಟಳು.

"ಅಣ್ಣಾ, ಇವನನ್ನ ನೀವೇ ಇಟ್ಕೊಳ್ಳಿ. ನನ್ನ ಕೈಲಿ ಹಿಡಿಯೋಕಾಗಲ್ಲ, ಇವರು ಹಿಡಿಯೋದಿಲ್ಲ. ಇನ್ನೊಬ್ರು ಬಿದ್ರೆ ಯಾರು ಜವಾಬ್ದಾರಿ? ಯಾರ ಮಾತಿಗೆ ಬೆಲೆ ಇದೆಯೋ ಅವ್ರ ಹತ್ರ ಇರ್ಲಿ."

ಸೆಲ್ವರಾಜನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಯಾರೂ ನೋಡಲಿಲ್ಲ. ಕೆಂಚ ಓಮ್ನಿ ಹತ್ತುವ ಮುಂಚೆ ತಿರುಗಿ ಗಿರಿಜೆಯನ್ನು ನೋಡಿದ. ಅವಳು ಅವನ ಕಿವಿ ಸವರಿ, "ಹೋಗು ಕಂದಾ" ಎಂದಳು. ಅವಳ ಆ ದನಿ ಕೇಳಿದ್ದರೆ ಹನುಮಂತಪ್ಪನವರು ಉತ್ತಮ ದರ್ಜೆ ಕೊಡುತ್ತಿದ್ದರು.

ಈಗ ರೊಟ್ಟಿ ತಟ್ಟುವ ಸದ್ದು ಮಾತ್ರ ಕೇಳುತ್ತದೆ. ಮಾತಿಲ್ಲ. ಮಗಳು ಫೋನ್ ಮಾಡಿದ್ದಳೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಗಿರಿಜೆ ಎರಡು ರೊಟ್ಟಿ ಕಟ್ಟಿಕೊಂಡು, ಮಂಡಿ ಹಿಡಿದುಕೊಂಡು, ಭದ್ರಾವತಿ ಬಸ್ಸು ಹತ್ತುತ್ತಾಳೆ. ಕೆಂಚನನ್ನು ನೋಡಿಕೊಂಡು ಸಂಜೆ ಬರುತ್ತಾಳೆ. ಬಂದಾಗ ಮುಖ ಸ್ವಲ್ಪ ಅರಳಿರುತ್ತದೆ. ಬಾಗಿಲಲ್ಲಿ ನನ್ನನ್ನು ಕಂಡ ಮೇಲೆ ಮಾಮೂಲಿಗೆ ಬರುತ್ತದೆ.

ಕಳೆದ ಭಾನುವಾರ ನಾನು ಧೈರ್ಯ ಮಾಡಿದೆ. ಬೇಗ ಎದ್ದು ಸ್ನಾನ ಮಾಡಿ, ಒಗೆದ ಅಂಗಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತೆ. ಇಸ್ಪೀಟಿನವರಿಗೆ ಬರುವುದಿಲ್ಲವೆಂದು ಹೇಳಿದ್ದೆ.

"ನಾನೂ ಬರ್ತೀನಿ ಕಣೇ, ಕೆಂಚನ್ನ ನೋಡೋಕೆ" ಎಂದೆ.

ಗಿರಿಜೆ ರೊಟ್ಟಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಯಾಕೆ, ಯಾರೂ ಸಿಗ್ಲಿಲ್ವಾ?"

ಅದಕ್ಕೆ ಉತ್ತರ ಕೊಡುವುದಕ್ಕೆ ನನ್ನ ಪರವಾಗಿ ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ.