ನಮ್ಮ ಕಾಂಪೌಂಡಿನ ಕೆಂಪು ಮೋಟಾರ್ ಸೈಕಲ್ಲಿಗೆ

ಮಾನ್ಯ ಮೋಟಾರ್ ಸೈಕಲ್ ಅವರೇ,

ಯಡಿಯೂರು ಕೆರೆಯ ಹಿಂದಿನ ರಸ್ತೆಯ ನಿವಾಸಿ, ನಿವೃತ್ತ ಭೂಗೋಳ ಮೇಷ್ಟ್ರು ಅನಂತರಾಮು ಮಾಡುವ ಅನಂತ ನಮಸ್ಕಾರಗಳು. ತಾವು ಟ್ಯಾಂಕು, ಸೈಲೆನ್ಸರು ಹಾಗೂ ಎರಡೂ ಕನ್ನಡಿಗಳ ಸಮೇತ ಕ್ಷೇಮವೆಂದು ನಂಬಿದ್ದೇನೆ. ಬೆಳಿಗ್ಗೆ ನಾನೇ ಒರೆಸಿದ್ದರಿಂದ ನಂಬಲು ಆಧಾರವೂ ಇದೆ. ಈ ದೂರನ್ನು ಷೋರೂಮಿಗೆ ಬರೆಯದೆ ನೇರವಾಗಿ ತಮ್ಮ ಸನ್ನಿಧಿಗೇ ತರುತ್ತಿರುವುದೇಕೆಂದರೆ, ತಪ್ಪೆಲ್ಲ ತಮ್ಮದೇ.

ಅಂದು ನಾನು ಷೋರೂಮಿಗೆ ಬಂದದ್ದು ನನ್ನ ಹೆಂಡತಿ ಹಂಸಾ ಆರಿಸಿಟ್ಟಿದ್ದ ತಿಳಿನೀಲಿ ಸ್ಕೂಟರನ್ನು ಬುಕ್ ಮಾಡಲು. ಜಯನಗರಕ್ಕೆ ವೀಣೆ ಪಾಠ ಹೇಳಲು ಹೋಗಬೇಕಾದಾಗಲೆಲ್ಲ, ನಾನು ಬಿಟ್ಟುಬರಲೆಂದು ನನ್ನ ಮಧ್ಯಾಹ್ನದ ನಿದ್ದೆ ಮುಗಿಯುವುದನ್ನು ಕಾದು ಕಾದು ರೋಸಿಹೋಗಿ, "ಇನ್ಮೇಲೆ ಯಾರ್ನೂ ಕಾಯಲ್ಲ, ನನ್ ಗಾಡೀಲಿ ನಾನು ಹೋಗ್ತೀನಿ" ಎಂದು ಅವಳು ತೀರ್ಮಾನಿಸಿದ್ದಳು. ಶುಕ್ರವಾರವಾದ್ದರಿಂದ ಮನೆಗೆ ಅರಿಶಿನ ಕುಂಕುಮಕ್ಕೆ ಜನ ಬರುವವರಿದ್ದರು. ಹಾಗಾಗಿ ನನ್ನೊಬ್ಬನನ್ನೇ ಕಳಿಸಿ, ಹನ್ನೆರಡಕ್ಕೆ ರಾಹುಕಾಲ ಕಳೆಯುವ ತನಕ ಬುಕ್ ಮಾಡಕೂಡದೆಂದು ತಾಕೀತು ಮಾಡಿದ್ದಳು.

ಬೇಗ ತಲುಪಿದ ನಾನು ರಾಹುವಿಗೆ ಮರ್ಯಾದೆ ಕೊಟ್ಟು ಕುರ್ಚಿಯಲ್ಲಿ ಕಾಯುತ್ತಿದ್ದೆ. ಎದುರಿಗೇ ತಾವು ನಿಂತಿದ್ದಿರಿ. ಸೇಲ್ಸಿನ ಆಶ್ರಿತ್ ಬಂದು, "ಸುಮ್ನೆ ಕೂತ್ ನೋಡಿ ಅಂಕಲ್, ಕೂತ್ರೆ ದುಡ್ಡೇನ್ ಕೇಳಲ್ಲ" ಎಂದರು. ಕೂತೆ. ಕೀ ತಿರುಗಿಸಿದರು. ತಾವು ಗುಡುಗುಟ್ಟಿದಿರಿ, ನಾನು ಪೆದ್ದುಪೆದ್ದಾಗಿ ನಕ್ಕೆ, ನನ್ನ ಬುದ್ಧಿ ಅಲ್ಲಿಗೇ ನಿಂತಿತು. ಸ್ಕೂಟರನ್ನು ಕೆಟ್ಟ ಗಳಿಗೆಯಿಂದ ಕಾಪಾಡಲೆಂದು ಕಾದಿದ್ದವನು ನಟ್ಟನಡು ರಾಹುಕಾಲದಲ್ಲೇ ತಮ್ಮನ್ನು ಬುಕ್ ಮಾಡಿ, ಅವರು ಕೊಟ್ಟ ಪೇಡ ತಿಂದು ಬಂದೆ. ಮನೆಯಲ್ಲಿ "ಬುಕ್ ಆಯ್ತು" ಎಂದೆ. ಯಾವುದೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಾವು ಬಂದ ದಿನ ಆರತಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದ ಹಂಸಾ ತಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾಗ್ಲಿಗೆ ಬಂದೋರನ್ನ ವಾಪಸ್ ಕಳ್ಸಕ್ಕಾಗುತ್ತಾ" ಎಂದು ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣಿಟ್ಟು ಒಳಗೆ ಹೋದಳು. ನನ್ನ ಮುಖ ನೋಡಲಿಲ್ಲ. ಮಾರನೆಯ ದಿನದಿಂದ ಪಾಠಕ್ಕೆ ಬಸ್ಸಿನಲ್ಲಿ ಹೊರಟಳು. ಅವಳು ಛತ್ರಿ ಹಿಡಿದು ಸ್ಟಾಪಿನಲ್ಲಿ ನಿಂತದ್ದನ್ನು ನಾನೇ ಕಣ್ಣಾರೆ ಕಂಡೆ.

ಅಷ್ಟಾದರೂ ನನಗೆ ಬುದ್ಧಿ ಬರಬೇಡವೇ? ಮನೆ ಮುಂದೆಯೇ ಸಿಗುವ ಕೊತ್ತಂಬರಿ ಸೊಪ್ಪಿಗೆ ತಮ್ಮನ್ನೇರಿ ದೂರದ ಜರಗನಹಳ್ಳಿಗೆ ಹೋದೆ. ಬಿಟಿಎಂ ಸಿಗ್ನಲ್ಲಿನಲ್ಲಿ ಯಾರೋ "ಸಖತ್ ಗಾಡಿ ಅಂಕಲ್" ಎಂದದ್ದಕ್ಕೆ ಹಸಿರು ದೀಪ ಬಂದದ್ದೂ ತಿಳಿಯದೆ ನಿಂತು, ಹಿಂದಿನವರಿಂದ ಬೈಸಿಕೊಂಡು, ಅದರಲ್ಲೂ ಖುಷಿಪಟ್ಟೆ. ಆದ್ದರಿಂದಲೇ ತಾವು ದೊಡ್ಡ ಮನಸ್ಸು ಮಾಡಿ ಗೇರುಗಳನ್ನು ತ್ಯಜಿಸಿ, ತಿಳಿನೀಲಿಗೆ ತಿರುಗಿ, ತರಕಾರಿ ಚೀಲಕ್ಕೊಂದು ಕೊಕ್ಕೆ ಬೆಳೆಸಿಕೊಂಡು, ಹಂಸಾಳ ಎದುರು ಸ್ಕೂಟರಿನಂತೆಯೂ ನನ್ನೆದುರು ಯಥಾಪ್ರಕಾರವೂ ಇರಬೇಕೆಂದು ದಿನಾ ಒರೆಸುವಾಗ ಬೇಡಿಕೊಂಡಿದ್ದೆ. ತಾವು ಮಾಡಿದ್ದೇ ಬೇರೆ.

ಒಂದು ಭಾನುವಾರ ನಿದ್ದೆಯಿಂದೆದ್ದು ನೋಡಿದರೆ ತಾವಿಲ್ಲ. ಕಳ್ಳತನವೆಂದು ಹೆದರಿ, ಪಂಚೆಯಲ್ಲೇ ರಸ್ತೆ ಕೊನೆಯ ಮೈದಾನದವರೆಗೆ ಓಡಿದೆ. ಅಲ್ಲಿ ಚೂಡಿದಾರ್ ತೊಟ್ಟು, ಹೆಲ್ಮೆಟ್ ಹಾಕಿ ತಮ್ಮ ಮೇಲೆ ಕೂತವಳು ಹಂಸಾ. ಪಕ್ಕದಲ್ಲಿ, ನಮ್ಮ ಮೇಲಿನ ಮನೆಗೆ ಬಾಗಲಕೋಟೆಯಿಂದ ಬಾಡಿಗೆಗೆ ಬಂದಿರುವ, ಆಫೀಸಿಗೆ ಬೈಕಿನಲ್ಲೇ ಹೋಗುವ ಭಾಗ್ಯಜ್ಯೋತಿ. "ಅಡ್ಡ ಬರಬ್ಯಾಡ್ರಿ ಅಂಕಲ್, ಆಂಟಿ ಕ್ಲಚ್ ಭಾಳ ಚಂದ ಬಿಡಾಕತ್ತಾರ" ಎಂದು ನನ್ನನ್ನೇ ಸರಿಸಿದರು. ಹಂಸಾ ನಗುತ್ತಿದ್ದಳು. ಷೋರೂಮಿನಲ್ಲಿ ನಾನು ನಕ್ಕ ಅದೇ ಪೆದ್ದು ನಗು. ಅವಳನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ.

ಈಗ ಅವಳಿಗೆ ಲೈಸೆನ್ಸೂ ಬಂದಿದೆ. ಕೀ ಕೇಳಿದರೆ "ನೀವು ಮಲ್ಕೊಳ್ಳಿ, ಬಂದ್ಮೇಲೆ ಕೊಡ್ತೀನಿ" ಎನ್ನುತ್ತಾಳೆ. ಬರುವುದು ಕತ್ತಲಾದ ಮೇಲೆ. ಕೊಂಡವನನ್ನು ಬಿಟ್ಟು ಮುನಿದವಳ ಪಾಲಾದ ತಮ್ಮ ಈ ನಡತೆಯನ್ನು ತೀವ್ರವಾಗಿ ಖಂಡಿಸುತ್ತಾ, ವಾರಕ್ಕೊಮ್ಮೆಯಾದರೂ ನನ್ನ ಗುರುತು ಹಿಡಿಯಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಅನಂತರಾಮು
(ಸದ್ಯ ತಮ್ಮ ಹಿಂದಿನ ಸೀಟಿನ ಸವಾರ)

ತಾ.ಕ.: ಹಿಂದೆ ಕೂತಾಗ ಹಂಸಾಳ ಹೆಗಲು ಹಿಡಿದರೆ "ಜನ ನೋಡ್ತಾರೆ, ಗಾಡಿ ಹಿಡ್ಕೊಳ್ಳಿ" ಎನ್ನುತ್ತಾಳೆ. ರಸ್ತೆಯ ಹಂಪ್ ಬಂದಾಗ ಹಿಡಿದರೆ ಮಾತ್ರ ಏನೂ ಅನ್ನುವುದಿಲ್ಲ. ನಮ್ಮ ರಸ್ತೆಗೆ ಇನ್ನಷ್ಟು ಹಂಪ್ ಹಾಕಿಸಬೇಕೆಂದು ಪಾಲಿಕೆಗೆ ಪ್ರತ್ಯೇಕ ಅರ್ಜಿ ಬರೆಯುತ್ತಿದ್ದೇನೆ. ತಮ್ಮ ಶಾಕ್ ಅಬ್ಸಾರ್ಬರುಗಳು ಈ ವಿಷಯದಲ್ಲಿ ತಲೆಹಾಕದಿರಲಿ.